ಹಗೇವಿನಲ್ಲಿ ಮಲಗಿದ್ದ ಬಾಟಲಿ

ನನಗೆ ಇಂಥವು ಆಗುತ್ತಲೇ ಇರುತ್ತವೆ. ಉಳಿದವರು ಮನೆಗೆ ಒಂದು ವಸ್ತು ಬಂದರೆ ಎಲ್ಲಿಡಬೇಕು ಅಂತ ಯೋಚಿಸುತ್ತಾರೆ; ನನ್ನ ಕೈಗೆ ಏನೇ ಬಂದರೂ ಎಲ್ಲಿ ಬಚ್ಚಿಡಬೇಕು ಅಂತ ಯೋಚಿಸಬೇಕಾಗುತ್ತದೆ. ತವರು ಲಿಂಗಸುಗೂರು, ಗಂಡನ ಮನೆ ಮಸ್ಕಿ, ಕೆಲಸ ಸಿಂಧನೂರು. ಒಂದೂರಿನಲ್ಲಿ ಕೆಮ್ಮಿದರೆ ಇನ್ನೊಂದೂರಿನಲ್ಲಿ ಶುಂಠಿ ಕುಟ್ಟುವಷ್ಟು ಹತ್ತಿರ. ಈ ಮೂರೂರಿನ ನಡುವೆ ನಾನು ಒಂದು ಕೆಂಪು ವೈನಿನ ಬಾಟಲಿಯನ್ನು ಹದಿಮೂರು ವರ್ಷ ಬಚ್ಚಿಟ್ಟೆ. ಆಸೆ ಇದ್ದದ್ದು ಒಂದೇ: ಸಾಯುವುದರೊಳಗೆ ಒಂದು ಗುಟುಕು ರುಚಿ ನೋಡಬೇಕು, ಅದು ಅತ್ತೆಗೆ ಗೊತ್ತಾಗಬಾರದು. ಅಡುಗೆಮನೆಯಲ್ಲಿ ದಿನಕ್ಕೆರಡು ಸಲ ವಿಭೂತಿ ಹಚ್ಚಿಕೊಳ್ಳುವ ನಮ್ಮ ಅತ್ತೆಗೆ ಗೊತ್ತಾದರೆ ನನ್ನ ಇಜ್ಜತ್ತು ಮಸ್ಕಿಯ ಬಸ್‌ಸ್ಟ್ಯಾಂಡಿನವರೆಗೂ ಉಳಿಯುತ್ತಿರಲಿಲ್ಲ.

ಬಾಟಲಿ ಬಂದದ್ದು

ನಮ್ಮಣ್ಣ ಹಟ್ಟಿ ಗಣಿಯಲ್ಲಿ ಎಂಜಿನಿಯರು, ಮನೆ ಲಿಂಗಸುಗೂರಿನಲ್ಲಿ. ಒಮ್ಮೆ ಯಾವುದೋ ಯಂತ್ರ ಕೂಡಿಸಲಿಕ್ಕೆ ಪರದೇಶದವನೊಬ್ಬ ಬಂದು ಮೂರು ತಿಂಗಳು ಇದ್ದ. ದಿನಾ ಸಂಜೆ ಅಣ್ಣನ ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು, ಕಣ್ಣಲ್ಲಿ ನೀರು ಸುರಿಸಿಕೊಂಡು, "ಒಳ್ಳೇದು, ಒಳ್ಳೇದು" ಅನ್ನುತ್ತಿದ್ದ. ಹೋಗುವಾಗ ಉಪಕಾರ ಸ್ಮರಣೆಗೆ ಈ ಬಾಟಲಿ ಕೊಟ್ಟ.

ಅತ್ತಿಗೆ ಒಂದೇ ಮಾತು ಹೇಳಿದಳಂತೆ: "ಇದು ಮನ್ಯಾಗಿದ್ರ ನಾ ಇರೂದಿಲ್ಲ." ಅಣ್ಣ ಸ್ವಲ್ಪ ಹೊತ್ತು ಯೋಚನೆ ಮಾಡಿದ. ಆ ಸ್ವಲ್ಪ ಹೊತ್ತನ್ನು ಅತ್ತಿಗೆ ಇವತ್ತಿಗೂ ಮರೆತಿಲ್ಲ. ಆಮೇಲೆ ಸಿಂಧನೂರಿಗೆ ತಂದು ನನ್ನ ಕೈಗಿಟ್ಟ.

"ನೀ ಕೆಮಿಸ್ಟ್ರಿ ಓದೀದಿ, ನಿನಗ ತಿಳೀತೈತಿ."

ಕೆಮಿಸ್ಟ್ರಿ ಓದಿದ ತಪ್ಪಿಗೆ ನಮ್ಮ ಬಳಗದಲ್ಲಿ ಬಾಟಲಿಯೊಳಗೆ ಇರುವುದೆಲ್ಲ ನನಗೇ ಬರುತ್ತದೆ. ಫಿನಾಯಿಲು ಅಸಲಿಯೋ ನಕಲಿಯೋ, ಬೀಗರು ಕೊಟ್ಟ ಜೇನುತುಪ್ಪ ಬೆಲ್ಲದ ಪಾಕವೋ, ಎಲ್ಲಕ್ಕೂ ನಾನೇ ನ್ಯಾಯಾಧೀಶೆ.

"ಏನಂದಾನ ಕೊಟ್ಟಾಂವ?" ಅಂತ ಕೇಳಿದೆ.

"ಮೈತುಂಬಿದ ವೈನ್ ಅಂತ. ಇನ್ನ ಹತ್ತು ಹನ್ನೆರಡು ವರ್ಷ ಇಟ್ರ ಇನ್ನೂ ಮಾಗತೈತಂತ. ಕುಡದ್ರ ಕರೀ ಹಣ್ಣು, ಹಳೇ ಚರ್ಮ, ತಂಬಾಕು, ಮಳಿ ಬಿದ್ದ ಮಣ್ಣು, ಇವೆಲ್ಲಾ ರುಚಿ ಹತ್ತತಾವಂತ."

"ಚರ್ಮದ ರುಚಿ ನೋಡಾಕ ಹನ್ನೆರಡು ವರ್ಷ ಕಾಯಬೇಕೇನೋ?"

"ನನಗೇನ್ ಕೇಳತೀ ಬೇ, ಅಂವ ಹೇಳಿದ್ದು ಹೇಳೀನಿ. ಅಡ್ಡ ಮಲಗಿಸಿ ಇಡಬೇಕು, ಕತ್ತಲಿರಬೇಕು, ತಂಪಿರಬೇಕು, ಯಾರೂ ಅಳ್ಳಾಡಸಬಾರದು."

ಕತ್ತಲಲ್ಲಿ, ತಂಪಿಗೆ, ಯಾರೂ ಎಬ್ಬಿಸದ ಹಾಗೆ ಹನ್ನೆರಡು ವರ್ಷ ಮಲಗುವುದು! ಮದುವೆಯಾದ ಮೇಲೆ ಇಂಥ ಸೌಕರ್ಯ ನನಗೇ ಒಂದು ದಿನವೂ ಸಿಕ್ಕಿರಲಿಲ್ಲ.

ಸುತ್ತಿಡಲು ಒಂದು ದಪ್ಪ ಬಟ್ಟೆ ಬೇಕಾಯಿತು. ಅಲಮಾರಿಯ ತಳದಲ್ಲಿ ಹಸಿರು ಇಳಕಲ್ ಸೀರೆಯ ಅರ್ಧ ತುಂಡು ಇತ್ತು. ಮದುವೆಯಾದ ಮೊದಲ ವರ್ಷ ಅತ್ತೆ ಆರಿಸಿ ತಂದು ಉಡಿಸಿದ ಸೀರೆ. ಎರಡನೇ ಸಲ ಉಟ್ಟಾಗಲೇ ಗಂಡನ ಗಾಡಿಯ ಚಕ್ರಕ್ಕೆ ಸೆರಗು ಸಿಕ್ಕಿ ಎರಡಾಗಿತ್ತು. ಅತ್ತೆಗೆ ಹೇಳಿರಲಿಲ್ಲ. ಅವರು ವರ್ಷಕ್ಕೊಮ್ಮೆ ತಪ್ಪದೆ ಕೇಳುತ್ತಿದ್ದರು: "ಆ ಹಸರು ಸೀರಿ ಉಡೂದ ಇಲ್ಲಲ್ಲವ್ವ ನೀ?" ನಾನೂ ತಪ್ಪದೆ ಹೇಳುತ್ತಿದ್ದೆ: "ದೊಡ್ಡ ಕಾರ್ಯಕ್ಕಂತ ಎತ್ತಿ ಇಟ್ಟೀನ್ರೀ ಅತ್ತಿ."

ಅಂತೂ ಎರಡು ಗುಟ್ಟು ಒಂದೇ ಗಂಟಿನಲ್ಲಿ ಸೇರಿದವು. ಜಾಗದ ಉಳಿತಾಯ.

ಉಸಿರಾಡುವ ವೈನು

ಹನ್ನೆರಡು ವರ್ಷ ಕಾಯುವುದು ಪರದೇಶದವರ ಹಣೆಬರಹ, ನಮಗೇಕೆ ಅಂತ ಎರಡನೇ ಬೇಸಿಗೆಯಲ್ಲೇ ಅನ್ನಿಸಿತು. ಸಿಂಧನೂರಿನ ನಮ್ಮ ಮನೆಗೂ ಮಸ್ಕಿಯ ಹಳೇ ಮನೆಗೂ ಓಡಾಡಿಕೊಂಡಿದ್ದ ಅತ್ತೆ ಆಗ ಮಸ್ಕಿಗೆ ಹೋಗಿದ್ದರು. ನನ್ನ ಗಂಡನಿಗೆ ಬೀಜ ಗೊಬ್ಬರದ ಅಂಗಡಿ; ಯಾವ ಚೀಲದ ಮೇಲಿನ ಸೂಚನೆಯನ್ನೂ ಓದದೆ ರೈತರಿಗೆ ಸಲಹೆ ಕೊಡುವ ಮನುಷ್ಯ. ಅವತ್ತು ಮಾತ್ರ ಮೊಬೈಲು ಹಿಡಿದು ಸೂಚನೆಗಳನ್ನು ಒಂದೊಂದಾಗಿ ಓದಿದ.

"ಬಿರಡಿ ತಗದು ಒಂದು ತಾಸು ಉಸಿರಾಡಾಕ ಬಿಡಬೇಕಂತ."

"ಯಾರಿಗೆ?"

"ವೈನಿಗೆ."

"ಆತು. ಮುಂದ?"

"ಕೋಣಿಯ ಉಷ್ಣಾಂಶದಾಗ ಕುಡೀಬೇಕಂತ."

ಹೊರಗೆ ಮೇ ತಿಂಗಳ ಸಿಂಧನೂರು. ನಮ್ಮ ಕೋಣೆಯ ಉಷ್ಣಾಂಶದಲ್ಲಿ ವೈನು ಕುಡಿಯುವುದೂ ಒಂದೇ, ಚಹಾ ಕುಡಿಯುವುದೂ ಒಂದೇ.

"ಜೋಡಿಗೆ ಕುರಿ ಮಾಂಸ ಇರಬೇಕಂತ," ಅಂದ ದನಿ ತಗ್ಗಿಸಿ. ಸ್ವಾಮಿಗಳು ಮನೆಗೆ ಬರುತ್ತಾರೆಂದರೆ ಉಳ್ಳಾಗಡ್ಡಿಯ ಬುಟ್ಟಿಯನ್ನೂ ಮಂಚದ ಕೆಳಗೆ ತಳ್ಳುವ ಮನೆ ನಮ್ಮದು. ಆಮೇಲೆ ತಾನೇ ಪರಿಹಾರ ಹುಡುಕಿದ: "ಬದನಿಕಾಯಿ ಎಣ್ಣಿಗಾಯಿ ನಡೀತೈತೇನು, ಕೇಳಿ ನೋಡ್ಲಿ?"

ಮೊಬೈಲಿಗೆ ಎಣ್ಣೆಗಾಯಿ ಗೊತ್ತಿರಲಿಲ್ಲ. ಅದು ಹುಡುಕುತ್ತಿರುವಾಗಲೇ ಗೇಟಿನ ಸದ್ದಾಯಿತು, ಬೆನ್ನಹಿಂದೆ ಅತ್ತೆಯ ದನಿ: "ಅಯ್ಯ ನಮ್ಮಪ್ಪ, ಕನ್ನಡಕ ಇಲ್ಲೇ ಮರತು ಹೋಗಿದ್ನೆವ್ವ!" ಗಂಡ ಬಾಟಲಿಯನ್ನು ತೊಗರಿ ಬೀಜದ ಚೀಲದೊಳಗೆ ತುರುಕಿ, ನನ್ನ ಕಡೆ ತಿರುಗಿ, "ನಿಮ್ಮಣ್ಣಂದು. ನನಗೇನೂ ಗೊತ್ತಿಲ್ಲ" ಅಂತ ಪಿಸುಗುಟ್ಟಿದ. ಅಗ್ನಿಸಾಕ್ಷಿಯಾಗಿ ಕೈಹಿಡಿದವನು.

ಅತ್ತೆ ಊಟ ಮಾಡಿ, ದೇವರ ಜಗಲಿಯ ಪಕ್ಕದ ಗೂಡಿನಿಂದ ದ್ರಾಕ್ಷಾಸವ ತೆಗೆದು ದಿನದಂತೆ ಎರಡು ಮುಚ್ಚಳ ಕುಡಿದರು. "ಉಂಡ ಮ್ಯಾಲೆ ಇದೊಂದು ಬೇಕ ನೋಡವ್ವ, ಮೈ ಹಗುರಾಕ್ಕೈತಿ." ಮೈ ಯಾಕೆ ಹಗುರಾಗುತ್ತದೆ ಅಂತ ಆ ಬಾಟಲಿಯ ಮೇಲೇ ಸಣ್ಣ ಅಕ್ಷರದಲ್ಲಿ, ಆಲ್ಕೋಹಾಲಿನ ಶೇಕಡಾವಾರು ಸಮೇತ, ಬರೆದಿರುತ್ತದೆ. ಮನೆಯಲ್ಲಿ ಕೆಮಿಸ್ಟ್ರಿ ಓದಿದವಳು ನಾನೊಬ್ಬಳೇ, ಮುಚ್ಚಳ ತೊಳೆದಿಟ್ಟೆ.

ಅವತ್ತು ವೈನು ಉಸಿರಾಡಲಿಲ್ಲ. ಅತ್ತೆ ಮಲಗುವವರೆಗೆ ನಾವಿಬ್ಬರೂ ಉಸಿರಾಡಲಿಲ್ಲ.

ಇಟ್ಟಷ್ಟೂ ಒಳ್ಳೆಯದಾಗುವ ದ್ರಾವಣ

ಮನೆ ಭದ್ರವಲ್ಲ ಅಂತ ಬಾಟಲಿಯನ್ನು ಕಾಲೇಜಿಗೆ ಸಾಗಿಸಿದೆ. ನಾನು ಪಿಯು ಕಾಲೇಜಿನಲ್ಲಿ ಉಪನ್ಯಾಸಕಿ. ಲ್ಯಾಬಿನ ಮೂಲೆಯ ಕಪಾಟು ಕತ್ತಲೆ, ತಂಪು. "ದ್ರಾವಣ ೭. ಮುಟ್ಟಬಾರದು" ಅಂತ ಲೇಬಲ್ಲು ಮುಚ್ಚುವ ಹಾಗೆ ಚೀಟಿ ಅಂಟಿಸಿ ಮಲಗಿಸಿದೆ. ನಮ್ಮ ಲ್ಯಾಬ್ ಅಟೆಂಡರನಿಗೆ ಒಂದು ನಿಯಮವಿದೆ: ಉಪಯೋಗಿಸುವ ಸಾಮಾನು ಒರೆಸುವುದಿಲ್ಲ, ಮುಟ್ಟಬಾರದು ಅಂತ ಬರೆದದ್ದನ್ನು ದಿನಾ ಒರೆಸುತ್ತಾನೆ. ಬಾಟಲಿ ಫಳಫಳ ಹೊಳೆಯತೊಡಗಿತು.

ಒಂದು ವರ್ಷ ಪ್ರ್ಯಾಕ್ಟಿಕಲ್ ಪರೀಕ್ಷೆ. ಹೊರಗಿನ ಕಾಲೇಜಿನ ಪರೀಕ್ಷಕರು ಬಂದಿದ್ದಾರೆ. ಪರ್ಮಾಂಗನೇಟಿನ ಪ್ರಯೋಗ, ಅದೂ ವೈನಿನ ಹಾಗೆ ಕಡು ನೇರಳೆಗೆಂಪು ದ್ರಾವಣವೇ. ನಟ್ಟನಡುವೆ ಅಟೆಂಡರ್ ನನ್ನ ಬಾಟಲಿ ಎತ್ತಿಕೊಂಡು ಬಂದ.

"ಮೇಡಂ, ಪರ್ಮಾಂಗನೇಟ್ ಸಾಲವಲ್ದುರೀ. ಇದನ್ನೊಂದು ಒಡೀಲೇನ್ರಿ?"

ಎರಡು ಬೆಂಚು ಹಾರಿ ಹೋಗಿ ಬಾಟಲಿ ಹಿಡಿದೆ. ಗದ್ದಲಕ್ಕೆ ಪರೀಕ್ಷಕರು ಬಂದು, ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಬಣ್ಣ ಚಲೋ ಐತಿ. ಯಾವಾಗ ತಯಾರ್ ಮಾಡಿದ್ದು?"

ಸುಳ್ಳು ಹೊಳೆಯಲಿಲ್ಲ. ಚೀಟಿಯ ಕೆಳಗೆ ಮುಚ್ಚಿದ್ದ ಲೇಬಲ್ಲಿನ ಇಸವಿ ನಾನು ಬಿ.ಎಸ್ಸಿ. ಮುಗಿಸಿದ ವರ್ಷದ್ದು. ಅದನ್ನೇ ಹೇಳಿದೆ.

"ಏನ್ರೀ ಮೇಡಂ! ಅಷ್ಟು ಹಳೇ ದ್ರಾವಣ ಯಾವುದಕ್ಕೂ ಬರೂದಿಲ್ಲ. ಮೊದಲ ಸಿಂಕಿಗೆ ಸುರೀರಿ."

"ಸರ್, ಇದು ಇಟ್ಟಷ್ಟೂ ಒಳ್ಳೇದಾಗೋ ದ್ರಾವಣ," ಅಂದುಬಿಟ್ಟೆ.

ಅವರು ಬಾಟಲಿಯ ಕತ್ತು ನೋಡಿದರು, ಬಿರಡೆ ನೋಡಿದರು, ತಳದ ಗುಳಿಯಲ್ಲಿ ಹೆಬ್ಬೆರಳಿಟ್ಟು ನೋಡಿದರು. ಮುಖದಲ್ಲಿ ನಿಧಾನಕ್ಕೆ ಜ್ಞಾನೋದಯವಾಯಿತು. ನನ್ನ ಹತ್ತಿರ ಬಾಗಿ, ಮೆಲ್ಲಗೆ, ಬಹಳ ಗೌರವದಿಂದ ಹೇಳಿದರು: "ಸುರೀಬ್ಯಾಡ್ರಿ ಮೇಡಂ. ಹುಡುಗೂರು ಹೋಗ್ಲಿ. ಇದರ ಪರೀಕ್ಷಾ ನಾ ಖುದ್ದ ಮಾಡತೀನಿ."

ಚೆಕ್‌ಪೋಸ್ಟು

ವಿಜ್ಞಾನದಿಂದ ಬಾಟಲಿಯನ್ನು ಕಾಪಾಡಿ ಅವತ್ತೇ ಮನೆಗೆ ತಂದೆ. ಇನ್ನು ಉಳಿದದ್ದು ಮಸ್ಕಿಯ ಹಳೇ ಮನೆ. ಚೀಟಿ ಕಿತ್ತು, ಸೀರೆಯ ತುಂಡಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಅಲುಗಾಡಬಾರದು ಅನ್ನುವ ವಸ್ತುವನ್ನು ನಮ್ಮ ರಸ್ತೆಯಲ್ಲಿ ಒಯ್ಯುವುದು ಹೇಗೆ? ಎರಡೂ ಕೈಯಲ್ಲಿ ಎದೆಗಪ್ಪಿ ಹಿಡಿದಿದ್ದೆ.

ಪಕ್ಕದಲ್ಲಿ ಬಳಗಾನೂರಿನ ಅಜ್ಜಿಯೊಬ್ಬಳು. "ಎಷ್ಟು ತಿಂಗಳದ್ದು ಬೇ ಕೂಸು?" ಅಂದಳು.

ಹೌದೆನ್ನಲೂ ಆಗದೆ, ಅಲ್ಲವೆನ್ನಲೂ ಆಗದೆ, "ಮಕ್ಕೊಂಡೈತಿ" ಅಂದೆ.

ಚುನಾವಣೆಯ ಕಾಲ. ಅರ್ಧ ದಾರಿಯಲ್ಲಿ ಬಸ್ಸು ನಿಲ್ಲಿಸಿ ತಪಾಸಣೆ ಶುರುವಾಯಿತು. ಪೇದೆಯೊಬ್ಬ ನನ್ನ ಗಂಟಿನ ಮೇಲೆ ಕೈಯಿಟ್ಟ. ಅಜ್ಜಿ ಅವನ ಮೇಲೆ ಏರಿ ಹೋದಳು: "ಏ, ಕೂಸಿನ್ಯಾಕ ಎಬ್ಬಸತೀಯೋ? ನಿನಗ ಮಕ್ಕಳು ಮರಿ ಇಲ್ಲೇನು?" ಅವನು ಗಂಟಿನ ಬಟ್ಟೆ ಸರಿಸಿದ. ಒಳಗಿಂದ ಗಾಜಿನ ಕತ್ತು ಹೊರಬಂತು.

"ಅಯ್ಯಯ್ಯ!" ಅಂದಳು ಅಜ್ಜಿ. ಇಡೀ ಬಸ್ಸು ಎದ್ದು ನಿಂತು ನೋಡಿತು.

ಪೇದೆ ಲೇಬಲ್ ಓದಲು ನೋಡಿದ. ಇಂಗ್ಲಿಷೂ ಅಲ್ಲದ ಭಾಷೆ. ಹಿಂದೆಮುಂದೆ ತಿರುಗಿಸಿ ಕೊನೆಗೆ ತನಗೆ ಗೊತ್ತಿದ್ದ ಒಂದೇ ಒಂದನ್ನು ಹಿಡಿದ: ಇಸವಿ.

"ಮೇಡಂ," ಅಂದ, ದನಿಯಲ್ಲಿ ನಿಜವಾದ ಕನಿಕರ, "ಇದು ಎಕ್ಸ್‌ಪೈರಿ ಆಗಿ ಬಾಳ ವರ್ಷ ಆಗ್ಯಾವಲ್ರೀ. ಓದಿದೋರು ಇದ್ದೀರಿ, ಡೇಟ್ ನೋಡಿ ತಗೋಬಾರದೇನ್ರಿ?"

"ಅಂಗಡ್ಯಾಂವ ಮೋಸ ಮಾಡ್ಯಾನ್ರಿ," ಅಂದೆ ತಲೆ ತಗ್ಗಿಸಿ.

ಅವನು ಕೆಳಗೆ ನಿಂತ ಸಾಹೇಬರಿಗೆ ಕೂಗಿದ: "ಸರ್, ಒಂದು ಬಾಟ್ಲಿ ಸಿಕ್ಕೈತ್ರೀ. ಆದ್ರ ಮಾಲು ಕೆಟ್ಟೈತಿ. ಮತದಾರರಿಗೆ ಹಂಚಾಕ ಬರಂಗಿಲ್ರೀ."

"ಹಂಗಾರ ಬಿಡು," ಅಂದರು ಸಾಹೇಬರು.

ಬಸ್ಸು ಹೊರಟಿತು. ಅಜ್ಜಿ ನನ್ನಿಂದ ಒಂದು ಗೇಣು ದೂರ ಸರಿದು ಕುಳಿತಳು. ಮಸ್ಕಿ ಬರುವವರೆಗೆ ಬಾಟಲಿಯನ್ನು ನೋಡಲಿಲ್ಲ, ಬಟ್ಟೆಯನ್ನೇ ನೋಡುತ್ತಿದ್ದಳು. ಇಳಿಯುವಾಗ ತಡೆಯಲಾರದೆ ಅಂದಳು: "ಕುಡಿಯೋದು ಬಿಡೋದು ನಿನ್ನ ನಸೀಬು ಬೇ. ಆದ್ರ ಅಂಥಾ ಇಳಕಲ್ ಸೀರಿ ಹರದೀಯಲ್ಲ, ನಿನಗ ಕೈಯಾರ ಹೆಂಗ ಬಂದುವು?"

ಹಗೇವು

ಪರದೇಶದ ಸಾಹುಕಾರರಿಗೆ ವೈನಿಡಲು ನೆಲಮಾಳಿಗೆ ಇರುತ್ತದಂತೆ. ನಮಗೆ ಹಗೇವು ಇದೆ, ನೆಲದೊಳಗೆ ತೋಡಿದ ಕಣಜ. ಅಂಗಳದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಕೊಡದ ಹಾಗೆ ಅಗಲ. ಹಿಂದಿನ ಕಾಲದಲ್ಲಿ ಅದರ ತುಂಬ ಜೋಳ ಸುರಿದು, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಈಗ ಯಾರೂ ಇಟ್ಟುಕೊಂಡಿಲ್ಲ. ನಮ್ಮ ಅತ್ತೆ ಮಾತ್ರ ಖಾಲಿ ಇದ್ದರೂ ಮುಚ್ಚಿಸಿರಲಿಲ್ಲ.

ಅತ್ತೆ ಗುಡ್ಡದ ಗುಡಿಗೆ ಹೋದ ದಿನ ಕಲ್ಲು ಸರಿಸಿ, ಲ್ಯಾಬಿನ ಥರ್ಮಾಮೀಟರಿಗೆ ದಾರ ಕಟ್ಟಿ ಇಳಿಬಿಟ್ಟು ನೋಡಿದೆ. ಮೇಲಿನ ಮಸ್ಕಿಗೆ ಹೋಲಿಸಿದರೆ ಕೆಳಗೆ ಪರದೇಶ. ಬಾಟಲಿಯನ್ನು ಸೀರೆಯ ಗಂಟಿನ ಸಮೇತ ಬುಟ್ಟಿಯಲ್ಲಿಟ್ಟು, ಬಾವಿ ಹಗ್ಗದಿಂದ ಇಳಿಸಿ, ಕಲ್ಲು ಮುಚ್ಚಿ ಕೈ ತೊಳೆದುಕೊಂಡೆ. ಹೀಗೆ ಆರು ವರ್ಷ ಕಳೆದವು. ನಾನು ಓದುಗನ್ನಡಕ ಹಾಕಿಕೊಂಡೆ, ಮಂಡಿ ನೋಯತೊಡಗಿತು. ನಾನು ಡಿಗ್ರಿ ಮುಗಿಸಿ, ಅದು ಬಾಟಲಿ ತುಂಬಿ, ಇಬ್ಬರೂ ಒಂದೇ ವರ್ಷ ಲೋಕಕ್ಕೆ ಬಿದ್ದವರು. ವಯಸ್ಸಾದಷ್ಟೂ ಬೆಲೆ ಏರುತ್ತಿದ್ದದ್ದು ಮಾತ್ರ ಬಾಟಲಿಗೆ.

ಹೋದ ವರ್ಷ ಒಂದು ಮಧ್ಯಾಹ್ನ, ಮಸ್ಕಿಗೆ ಹೋಗಿದ್ದ ಗಂಡ ಫೋನು ಮಾಡಿದ. "ಗ್ವಾದಾಮಿನ್ಯಾಗ ಇಲಿ ಬಾಳ ಆಗ್ಯಾವಂತ ಅವ್ವ ಈ ವರ್ಷದ ಜ್ವಾಳ ಹಗೇವಿಗೆ ಹಾಕಸಾಕತ್ತಾಳ."

"ಯಾವಾಗ?"

"ನಿನ್ನೇನ ಕಲ್ಲು ತಗಸ್ಯಾಳ. ಇನ್ನೊಂದು ತಾಸಿಗೆ ಕಂದೀಲು ಇಳಿಬಿಟ್ಟು ನೋಡತಾರಂತ." ಹಗೇವಿನೊಳಗೆ ಕೆಟ್ಟ ಗಾಳಿ ಇದ್ದರೆ ಕಂದೀಲು ಆರುತ್ತದೆ, ಉರಿದರೆ ಆಳು ಇಳಿಯುತ್ತಾನೆ. ಜೀವನದಲ್ಲಿ ಮೊದಲ ಸಲ ಒಂದು ದೀಪ ಆರಲಿ ಅಂತ ದೇವರನ್ನು ಬೇಡಿಕೊಂಡೆ. ಅರ್ಧ ದಿನ ರಜೆ ಬರೆದು ಬಸ್ಸು ಹತ್ತಿದೆ.

ನಾನು ಅಂಗಳಕ್ಕೆ ಕಾಲಿಡುವುದಕ್ಕೂ, ಕೆಳಗಿನಿಂದ ಆಳು ಕಿರುಚುವುದಕ್ಕೂ ಸರಿಹೋಯಿತು: "ಅಮ್ಮಾರ, ಇಲ್ಲೊಂದು ಕೂಸು ಮಲಗಸ್ಯಾರ್ರೀ!"

ಐದು ನಿಮಿಷದಲ್ಲಿ ಓಣಿಯೆಲ್ಲ ನಮ್ಮ ಅಂಗಳದಲ್ಲಿತ್ತು. ಗಂಟು ಮೇಲೆ ಬಂತು, ಮಣ್ಣು ಬೂಷ್ಟು ಮೆತ್ತಿ ಬಟ್ಟೆಯ ಬಣ್ಣ ತಿಳಿಯುತ್ತಿರಲಿಲ್ಲ. ಅತ್ತೆ ಯಾರಿಗೂ ಮುಟ್ಟಗೊಡದೆ ತಾವೇ ಬಿಚ್ಚಿದರು. ಬಟ್ಟೆಯನ್ನು ಮಡಚಿ ತೊಡೆಯ ಕೆಳಗೆ ಹಾಕಿಕೊಂಡು ಬಾಟಲಿಯನ್ನು ಎತ್ತಿ ಹಿಡಿದರು. ಲೇಬಲ್ಲನ್ನು ಹುಳ ಪೂರಾ ತಿಂದಿತ್ತು.

ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು ಮುಂದೆ ಬಂದರು. ಊರಿನಲ್ಲಿ ಎಲ್ಲೇ ಹಳೇ ಹೆಂಚು ಸಿಕ್ಕರೂ ಅದಕ್ಕೆ ಚರಿತ್ರೆ ಹೇಳುವವರು. ಕನ್ನಡಕ ಸರಿಮಾಡಿಕೊಂಡು ಬಾಟಲಿಯ ಬಾಯಿಗೆ ಬಡಿದ ಅರಗನ್ನು ನೋಡಿ ತೀರ್ಪು ಕೊಟ್ಟರು: "ಅನುಮಾನನ ಇಲ್ಲ. ನಿಜಾಮನ ಕಾಲದ್ದು. ಆದ್ರ ಒಳಗೇನೈತಿ ಅಂತ... ವಾಸನಿ ನೋಡಿದ್ರ ತಿಳೀತೈತಿ."

ವಾಸನೆ ನೋಡಿದರೆ ತಿಳಿಯುತ್ತದೆ! ಗಂಡ ಅಷ್ಟರಲ್ಲೇ ಗುಂಪಿನ ಹಿಂದೆ ಸರಿದು, ಆ ಮನೆಗೂ ತನಗೂ ಸಂಬಂಧವಿಲ್ಲದವನ ಹಾಗೆ ಬೇವಿನಮರ ನೋಡುತ್ತಿದ್ದ.

ಅತ್ತೆ ಬಾಟಲಿ ನೋಡಿದರು. ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಗಟ್ಟಿಯಾಗಿ ಹೇಳಿದರು: "ವಾಸನಿ ಯಾಕ ನೋಡೂದು ಮಾಸ್ತರ? ಇದು ನಮ್ಮ ಮಾವನೋರ ಔಷಧಿ. ಹೈದರಾಬಾದಿನ ಹಕೀಮ ಕೊಟ್ಟಿದ್ದು. ಅದಕ್ಕ ಅವ್ರು ಕಡೀತನಕ ಕೋಲು ಹಿಡೀಲಿಲ್ಲ."

"ಹಂಗಾರ ನಮಗೂ ಒಂದೀಟು..." ಅಂದಿತು ಓಣಿ.

ಪಕ್ಕದ ಬಡಿಗೇರನು ಬೈರಿಗೆ ತಂದು ಬಿರಡೆಗೆ ತಿರುವಿ ಎಳೆದ. 'ಟಪ್' ಅಂತು. ಹದಿಮೂರು ವರ್ಷ ನಾನು ಕಾದ ಸದ್ದು, ಓಣಿಯೆಲ್ಲ ಪುಕ್ಕಟೆ ಕೇಳಿತು. ಅತ್ತೆ ಹಿತ್ತಾಳೆ ಚಮಚಕ್ಕೆ ಹನಿಸಿ ಬಿಸಿಲಿಗೆ ಹಿಡಿದರು, ಮೂಸಿದರು, ಬಾಯಿಗೆ ಹಾಕಿ ಆ ಗಲ್ಲ ಈ ಗಲ್ಲ ಆಡಿಸಿ ನುಂಗಿದರು. ಕಣ್ಣು ಮುಚ್ಚಿ ಹೇಳತೊಡಗಿದರು:

"ಮೊದಲಿಗೆ ನ್ಯಾರಳ ಹಣ್ಣು. ಆಮ್ಯಾಲೆ ಎತ್ತಿನ ಕೊರಳಪಟ್ಟಿ. ನಡಕ ಒಂದೀಟು ತಂಬಾಕು. ಕಡೀಕ... ಕಡೀಕ ಎರಿಹೊಲಕ್ಕ ಮೊದಲ ಮಳಿ ಬಿದ್ದಂಗ."

ಪರದೇಶದವನು ಹೇಳಿದ್ದು ಅಕ್ಷರ ತಪ್ಪದೆ ಅದನ್ನೇ! ಅವನು ಅದನ್ನು ಕಲಿಯಲು ಎಷ್ಟು ವರ್ಷ ಓದಿದ್ದನೋ ಏನೋ. ನಮ್ಮ ಅತ್ತೆ ಓದಿದ್ದು ಮೂರನೇ ಇಯತ್ತೆ.

ಆಮೇಲೆ ಸಾಲು ಹಚ್ಚಿ ಒಬ್ಬೊಬ್ಬರಿಗೆ ಒಂದೊಂದು ಚಮಚ. ಮಾಸ್ತರರು ಎರಡನೇ ಸಲ ಸಾಲಿಗೆ ನಿಂತು, "ಖರೆ ಔಷಧಿ ನೋಡ್ರಿ, ಕಿವಿ ಬಿಸಿ ಆದುವು" ಅಂದರು. ಆಚೆ ಮನೆಯವಳು ಮಂಡಿ ಮಡಚಿ ಬಿಚ್ಚಿ ತೋರಿಸಿದಳು. ಗಂಡ ಬೇವಿನಮರ ಬಿಟ್ಟು ಬಂದು, "ಎಂಥಾ ಔಷಧಿ ಅವ್ವಾ!" ಅಂತ ಎರಡು ಚಮಚ ಕುಡಿದ. ಕೊನೆಗೆ ನಾನು, ಎಲ್ಲರಿಗಿಂತ ದೊಡ್ಡ ವಾಟಗ ಹಿಡಿದು ನಿಂತೆ.

"ನಿನಗ ಬ್ಯಾಡವ್ವ," ಅಂದರು ಅತ್ತೆ ಎಲ್ಲರಿಗೂ ಕೇಳುವ ಹಾಗೆ. "ನಿಂದು ಉಷ್ಣದ ಮೈ."

ಮಂದಿ ಹೋದ ಮೇಲೆ ಅಡುಗೆಮನೆಗೆ ಕರೆದರು. ಒಲೆಯ ಪಕ್ಕ ತಟ್ಟೆ ಮುಚ್ಚಿದ ಒಂದು ವಾಟಗ. ತಟ್ಟೆ ಸರಿಸಿದರು. ಅರ್ಧಕ್ಕೂ ಮೇಲೆ ಕಡುಗೆಂಪು.

"ಕುಡಿ."

"ಅತ್ತಿ, ಉಷ್ಣ ಅಂದ್ರಿ..."

"ಅದು ಮಂದಿ ಮುಂದಿನ ಮಾತು. ಈಗ ಕುಡಿ. ಎಲ್ಲಾರ ಬಾಯಾಗೂ ಒಂದೊಂದು ಚಮಚ ಹಾಕೀನಿ, ಇನ್ನ ಈ ಓಣ್ಯಾಗ ಯಾರೂ ಬಾಯಿ ತಗಿಯಂಗಿಲ್ಲ."

ಎರಡೂ ಕೈಯಲ್ಲಿ ವಾಟಗ ಎತ್ತಿ ಬಾಯಿ ತುಂಬ ಗುಟುಕು ತೆಗೆದುಕೊಂಡೆ. ನೇರಳೆ ಹಣ್ಣು ಬಂತು. ಕೊರಳಪಟ್ಟಿ ಬಂತು. ತಂಬಾಕು ಇನ್ನೇನು ಬರಬೇಕು, ಅಷ್ಟರಲ್ಲಿ ಅತ್ತೆ ಒಲೆಯ ಹಿಂದಿನಿಂದ ತೊಳೆದು ಹಿಂಡಿದ ಹಸಿರು ಬಟ್ಟೆಯ ತುಂಡೊಂದನ್ನು ತೆಗೆದು ನನ್ನ ಮುಂದೆ ಝಾಡಿಸಿ ಹಿಡಿದರು.

"ಮಾಸ್ತರು ನಿಜಾಮನ ಕಾಲದ್ದು ಅಂದ್ರು, ನಾನೂ ಹೂಂ ಅಂದೆ. ನೀ ಓದಿದಾಕಿ, ಇದೊಂದು ನನಗ ತಿಳಿಸಿ ಹೇಳವ್ವ. ನಿಜಾಮ ಇಳಕಲ್ ಸೀರಿ ಉಡತಿದ್ನೇನು?"